ಅಡಿಕೆ ಅಂಗಳಕ್ಕೆ ಎರಡು ಕ್ಯಾಮೆರಾ: ಮುಖ ಗುರುತಿಸುವುದು ಮತ್ತು ಗುರುತಿಸದಿರುವುದು

‘ರಾಶಿ’ ಎಂಬ ದರ್ಜೆಯ ಅಡಿಕೆ ಕ್ವಿಂಟಲಿಗೆ ಅರ್ಧ ಲಕ್ಷ ದಾಟಿರುವ ಕಾಲದಲ್ಲಿ ಒಣಗಲು ಹರವಿದ ಅಡಿಕೆಗೆ ಕಾವಲು ಬೇಡವೆನ್ನುವ ಧೈರ್ಯ ನನಗಿಲ್ಲ. ಹಾಗಾಗಿ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಂಗಳದಲ್ಲಿ ಈ ಕೊಯ್ಲಿಗೆ ಎರಡು ಬಗೆಯ ಕ್ಯಾಮೆರಾಗಳನ್ನು ಜೊತೆಯಾಗಿ ಹಾಕಿ ನೋಡಿದೆ. ಒಂದು, ವೈರು ಎಳೆದು ಒಳಕೋಣೆಯ ಡಿವಿಆರ್ ಪೆಟ್ಟಿಗೆಯಲ್ಲಿ ಚಿತ್ರ ತುಂಬಿಸಿಕೊಳ್ಳುವ ಹಳೆಯ ಕ್ರಮದ್ದು. ಇನ್ನೊಂದು, ವೈಫೈ ಮೂಲಕ ಕಂಪನಿಯ ಸರ್ವರಿಗೆ ಚಿತ್ರ ಕಳಿಸಿ, ಕೃತಕ ಬುದ್ಧಿಮತ್ತೆಯಿಂದ ಮುಖ ಗುರುತಿಸಿ, ಮೊಬೈಲಿಗೆ ಎಚ್ಚರಿಕೆ ಕೊಡುವಂಥದ್ದು. ಮುಂದಿನ ಕೊಯ್ಲಿಗೂ ಉಳಿಯುವುದು ಮೊದಲನೆಯದೇ.

ಎರಡನೆಯದರ ತೊಡಕು ಶುರುವಾದದ್ದು ಸುಲಿಯಲು ಹೆಂಗಸರು ಬರತೊಡಗಿದ ಮೇಲೆ. ಆ ಆ್ಯಪ್, ತನ್ನ ಪಟ್ಟಿಯಲ್ಲಿಲ್ಲದ ಪ್ರತಿಯೊಂದು ಮುಖವನ್ನೂ ‘ಅಪರಿಚಿತ ವ್ಯಕ್ತಿ’ ಎಂದು ಕೂಗಿ ಹೇಳುತ್ತದೆ. ವರ್ಷಗಳಿಂದ ಇದೇ ಅಂಗಳದಲ್ಲಿ ಅಡಿಕೆ ಸುಲಿದವರು ನೀರು ಕುಡಿಯಲು ಎದ್ದರೂ ನನ್ನ ಮೊಬೈಲು ಬಡಿದುಕೊಳ್ಳುತ್ತಿತ್ತು. ಇದನ್ನು ನಿಲ್ಲಿಸಬೇಕೆಂದರೆ ಒಬ್ಬೊಬ್ಬರ ಫೋಟೋ ತೆಗೆದು, ಹೆಸರು ಬರೆದು, ‘ಪರಿಚಿತರ’ ಪಟ್ಟಿಗೆ ಸೇರಿಸಬೇಕು. ಎಂದರೆ, ಕಳ್ಳಿಯಲ್ಲ ಎಂದು ಯಂತ್ರದ ಮುಂದೆ ಸಾಬೀತು ಮಾಡಲು ಆಕೆ ತನ್ನ ಮುಖವನ್ನು ಎಲ್ಲಿಯದೋ ಕಂಪನಿಗೆ ಒಪ್ಪಿಸಬೇಕು. ಅದಕ್ಕೆ ‘ಒಪ್ಪಿಗೆ’ ಎಂಬ ಗುಂಡಿಯನ್ನು ಆಕೆಯ ಪರವಾಗಿ, ಇಂಗ್ಲಿಷಿನಲ್ಲಿರುವ ಷರತ್ತುಗಳ ಕೆಳಗೆ, ನಾನು ಒತ್ತಬೇಕು.

ಹೀಗೆ ಮಾಡಬಹುದೇ ಎಂದು ಅವರನ್ನೇ ಕೇಳಿದೆ. ಹಿರಿಯರೊಬ್ಬರು, “ಕಳ್ಳ ಬಂದ್ರೆ ಕಳ್ಳನ ಮುಖ ಹಿಡೀಲಿ, ನಮ್ದ್ಯಾಕಣ್ಣಾ?” ಎಂದರು. ಉಳಿದವರು “ಆಯ್ತು, ತೆಗೀರಿ” ಎಂದರು. ನನ್ನನ್ನು ಹೆಚ್ಚು ಕಾಡಿದ್ದು ಈ ಎರಡನೆಯ ಉತ್ತರ. ಕೂಲಿ ಕೊಡುವವನು ಕೇಳಿದಾಗ ಬರುವ ‘ಆಯ್ತು’ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬುದನ್ನು ಅಳೆಯುವ ದಾರಿ ನನಗೆ ಕಾಣಲಿಲ್ಲ. ಪ್ರಯೋಗಕ್ಕೆಂದು ನನ್ನ ಮುಖವನ್ನೊಂದೇ ಸೇರಿಸಿ ಆಮೇಲೆ ಅಳಿಸಿದೆ. ಪಟ್ಟಿಯಿಂದ ಹೋಯಿತು, ಸರ್ವರಿನಿಂದಲೂ ಹೋಯಿತೇ ಎಂಬುದನ್ನು ಆ್ಯಪ್ ಹೇಳಲಿಲ್ಲ.

ಕಾನೂನು ಈ ವಿಷಯದಲ್ಲಿ ನನ್ನಂಥ ಮಾಲೀಕನ ಕಡೆಗೇ ವಾಲಿದಂತಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ, ಉದ್ಯೋಗದ ಉದ್ದೇಶಕ್ಕೆ ಮತ್ತು ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ತನ್ನ 7ನೇ ಸೆಕ್ಷನ್ನಿನಲ್ಲಿ ಆಸ್ಪದ ಇಟ್ಟಿದೆ. ಕಾನೂನು ತಡೆಯದಿರಬಹುದಾದ ಕೆಲಸವನ್ನು ಮಾಡಬೇಕೇ ಎಂಬ ಪ್ರಶ್ನೆ, ಹಾಗಾಗಿ, ನನ್ನ ತಲೆಗೇ ಬಂದು ಕೂತಿತು.

ಗುರುತಿಸುವ ಕೆಲಸವನ್ನಾದರೂ ಅದು ಸರಿಯಾಗಿ ಮಾಡಿತೇ ಎಂದರೆ, ನನ್ನ ಮುಖವನ್ನೇ ತಲೆಗೆ ಟವೆಲು ಸುತ್ತಿದ ಹೊತ್ತಿನಲ್ಲಿ ಅಪರಿಚಿತ ಎಂದಿತು. ಇದು ನಗುವ ಸಂಗತಿಯಷ್ಟೇ ಅಲ್ಲ. ಸಂಶೋಧಕಿಯರಾದ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ, ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ಮೂರು ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಬಿಳಿ ಚರ್ಮದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8 ಇದ್ದರೆ, ಕಪ್ಪು ಚರ್ಮದ ಹೆಂಗಸರಲ್ಲಿ ಶೇ. 34.7ರವರೆಗೆ ಏರಿತ್ತು. ಆಮೇಲೆ ತಂತ್ರಾಂಶಗಳು ಸುಧಾರಿಸಿವೆ, ನಿಜ. ಆದರೂ ಬಿಸಿಲಿನಲ್ಲಿ ದುಡಿದ, ಸೆರಗು ಹೊದ್ದ, ಮಂದ ಬಲ್ಬಿನ ಕೆಳಗೆ ಕೂತ ಹೆಂಗಸರ ಮೇಲೆ ಇದರ ತೀರ್ಮಾನವನ್ನು ನಂಬಿ ನಾಳೆ ಯಾರನ್ನಾದರೂ ಸಂಶಯಿಸಿದರೆ, ಮಾತು ಕಳೆದುಕೊಳ್ಳುವವನು ನಾನು, ಕೆಲಸ ಕಳೆದುಕೊಳ್ಳುವವಳು ಆಕೆ.

ಸರ್ವರಿನಲ್ಲಿರುವ ಚಿತ್ರವನ್ನು ಯಾರು ನೋಡುತ್ತಾರೆ ಎಂಬುದು ಬರೀ ಊಹೆಯ ಭಯವಲ್ಲ. ಗ್ರಾಹಕರ ಖಾಸಗಿ ವಿಡಿಯೋಗಳನ್ನು ನೌಕರರು ನೋಡಲು ಬಿಟ್ಟಿತ್ತೆಂಬ ಆರೋಪದ ಮೇಲೆ ಮನೆಗಳಿಗೆ ಇಂಥ ಕ್ಯಾಮೆರಾ ಮಾರುವ ಅಮೆಜಾನಿನ ರಿಂಗ್ ಕಂಪನಿ 2023ರಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಡನೆ 58 ಲಕ್ಷ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು.

ಇನ್ನು ಸಣ್ಣಪುಟ್ಟದ್ದು. ಕರೆಂಟು ಹೋದರೆ ನಮ್ಮಲ್ಲಿ ನೆಟ್ಟೂ ಹೋಗುತ್ತದೆ. ಡಿವಿಆರ್ ಇನ್ವರ್ಟರಿನ ಮೇಲೆ ನಡೆಯುತ್ತದೆ. ಬೆಲೆಯಲ್ಲಿ ಡಿವಿಆರ್ ಮೊದಲಿಗೆ ದುಬಾರಿ, ಆದರೆ ತಿಂಗಳ ಬಾಡಿಗೆಯಿಲ್ಲ. ಗುಡುಗು ಕೇಳಿದೊಡನೆ ಪ್ಲಗ್ ಕೀಳಬೇಕು, ಇಲ್ಲವಾದರೆ ಉದ್ದ ವೈರಿನ ಮೂಲಕ ಸಿಡಿಲು ಪೆಟ್ಟಿಗೆಯನ್ನೇ ಸುಟ್ಟೀತು.

ಡಿವಿಆರ್ ನಿಷ್ಪಾಪಿಯೇನೂ ಅಲ್ಲ. ಅದರಲ್ಲಿ ನೋಡುವ ಕಣ್ಣು ನನ್ನದು, ನೋಡಿಸಿಕೊಳ್ಳುವವರು ಅವರು. ಹೆಂಗಸರು ಕೇಳಿದ್ದಕ್ಕೆ ಸುಲಿಯುವ ಚಪ್ಪರ ಕಾಣದಂತೆ ಕ್ಯಾಮೆರಾವನ್ನು ಅಡಿಕೆ ಹರವುವ ಕಡೆಗೆ ತಿರುಗಿಸಿದೆ, ಧ್ವನಿ ಮುದ್ರಣ ನಿಲ್ಲಿಸಿದೆ. ಹಳೆಯ ಚಿತ್ರದ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುತ್ತದೆ. ಪೆಟ್ಟಿಗೆ ನಮ್ಮ ಮನೆಯಲ್ಲೇ ಇರುವುದರಿಂದ ಅವರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಡಬಹುದು.

ಮನೆಯಿಂದ ದೂರದ ಕಣದಲ್ಲಿ, ಕಾಯಲು ಯಾರೂ ಇಲ್ಲದೆ ಅಡಿಕೆ ಒಣಗಿಸುವವರಿಗೆ ಮೊಬೈಲಿಗೆ ಬರುವ ಎಚ್ಚರಿಕೆ ಬೇಕೇ ಆಗುತ್ತದೆ. ಅಂಥವರು ಎರಡನೆಯದನ್ನು ಕೊಂಡು, ಮುಖ ಗುರುತಿಸುವ ಸೌಲಭ್ಯವನ್ನು ಸೆಟ್ಟಿಂಗಿನಲ್ಲಿ ಮುಚ್ಚಿ, ಚಲನೆಯ ಎಚ್ಚರಿಕೆಯಷ್ಟನ್ನೇ ಇಟ್ಟುಕೊಳ್ಳಬಹುದು; ಸೋಗೆ ಬಿದ್ದರೂ ಅದು ಕೂಗುತ್ತದೆ ಎಂಬುದು ಗೊತ್ತಿದ್ದರೆ ಸಾಕು. ನನ್ನ ಅಂಗಳ ಮಲಗುವ ಕೋಣೆಯ ಕಿಟಕಿಗೇ ಕಾಣುತ್ತದೆ, ನಾಯಿಯೂ ಇದೆ.