ಗುಡ್ಡದ ಹುಲ್ಲಿಗೆ ಗೇರಾ, ಹೈಡ್ರೋನಾ? ಕೆಲವು ವರ್ಷ ಓಡಿಸಿದ ಮೇಲೆ

ವರ್ಜೀನಿಯಾದ ಬ್ಲೂ ರಿಡ್ಜ್ ಬೆಟ್ಟಗಳ ಮಗ್ಗುಲಲ್ಲಿ ನಮ್ಮ ಜಾಗ. ಮನೆ ಮುಂದಿನ ಅಂಗಳ ಬಿಟ್ಟರೆ ಉಳಿದದ್ದೆಲ್ಲ ಏರು, ಇಳಿಜಾರು. ಮೇ ತಿಂಗಳಲ್ಲಿ ಹುಲ್ಲು ಏಳುವ ರಭಸ ನೋಡಿದರೆ ಮಲೆನಾಡಿನ ಮಳೆಗಾಲ ನೆನಪಾಗುತ್ತದೆ. ನನ್ನದು ಕುಬೋಟಾ ಬಿ ಸರಣಿಯ ಟ್ರ್ಯಾಕ್ಟರ್. 3 ರೇಂಜಿನ (ಅಂದರೆ ವೇಗದ 3 ಹಂತಗಳ) ಹೈಡ್ರೋಸ್ಟ್ಯಾಟಿಕ್, ಚಿಕ್ಕದಾಗಿ ಹೈಡ್ರೋ: ಗೇರಿನ ಬದಲು ಎಣ್ಣೆಯ ಒತ್ತಡದಲ್ಲಿ ಚಕ್ರ ತಿರುಗಿಸುವ ವ್ಯವಸ್ಥೆ. ಹೊಟ್ಟೆಯಡಿ ಹುಲ್ಲು ಕತ್ತರಿಸುವ 60 ಇಂಚಿನ ಮೋವರ್.

ಊರಲ್ಲಿ ಗೇರ್ ಟ್ರ್ಯಾಕ್ಟರ್ ಓಡಿಸಿ ಬಂದವನಿಗೆ ಹೈಡ್ರೋ ಅಂದರೆ ಮೊದಲು ಆಟಿಕೆ ಅನ್ನಿಸಿತ್ತು. ಆದರೆ ಹುಲ್ಲು ಕತ್ತರಿಸೋಕೆ ಇದರ ಲೆಕ್ಕವೇ ಬೇರೆ. ಇಂಜಿನ್ ಒಂದು ಪಂಪ್ ತಿರುಗಿಸುತ್ತದೆ, ಪಂಪಿನ ಎಣ್ಣೆ ಮೋಟರನ್ನು, ಮೋಟರ್ ಚಕ್ರಗಳನ್ನು. ಪೆಡಲ್ ಒತ್ತಿದಷ್ಟೂ ಪಂಪಿನೊಳಗಿನ ತಟ್ಟೆ ವಾಲಿ ಜಾಸ್ತಿ ಎಣ್ಣೆ ಹರಿಯುತ್ತದೆ. ದಟ್ಟ ಹುಲ್ಲು ಸಿಕ್ಕರೆ ಕಾಲು ಸ್ವಲ್ಪ ಸಡಿಲ ಮಾಡಿದರಾಯ್ತು, ಗಾಡಿ ನಿಧಾನವಾಗುತ್ತದೆ, ಬ್ಲೇಡ್ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಮರದ ಸುತ್ತ ಹಿಂದೆ ಮುಂದೆ ಹೋಗುವಾಗ ಕ್ಲಚ್ಚಿನ ಗೋಳಿಲ್ಲ.

ಏರು ಹತ್ತುವಾಗ ಒಂದು ವಿಷಯ ರೂಢಿಯಾಗಬೇಕು. ಇಂಜಿನ್ ಏದುಸಿರು ಬಿಟ್ಟರೆ ಕಾರಿನ ಹಾಗೆ ಪೆಡಲ್ ಇನ್ನಷ್ಟು ಒತ್ತಬಾರದು, ಬಿಡಬೇಕು. ಒತ್ತಿದರೆ ಪಂಪ್ ಕೀಂಯ್ ಎನ್ನುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಕಡಿದಾದ ಕಡೆ ಲೋ ರೇಂಜೇ ಸರಿ.

ಆದರೆ ಗುಡ್ಡಕ್ಕೆ ಟ್ರ್ಯಾಕ್ಟರ್ ಆರಿಸುವವರು ನೋಡಬೇಕಾದ್ದು ಹತ್ತೋದನ್ನಲ್ಲ, ಇಳಿಯೋದನ್ನು. ಇಳಿಯುವಾಗ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗುತ್ತದೆ. ಈ ಗಾತ್ರದ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೇ. ಹುಲ್ಲುಹಾಸು ಕೆಡದಂತೆ ಮಾಡಿದ ನುಣುಪು ಟರ್ಫ್ ಟೈರು, ಒದ್ದೆ ಹುಲ್ಲು ಎರಡೂ ಸೇರಿದರೆ ಜಾರದೆ ಇನ್ನೇನು? ಫೋರ್ ವೀಲ್ ಡ್ರೈವ್ ಹಾಕಿದರೆ ಹಿಡಿತ ಮುಂದಿನ ಚಕ್ರಕ್ಕೂ ಸಿಗುತ್ತದೆ. ಗೇರ್ ಇರಲಿ, ಹೈಡ್ರೋ ಇರಲಿ, ಇದಿಲ್ಲದೆ ಇಳಿಜಾರಿಗೆ ಹೋಗಬೇಡಿ. ಇನ್ನೊಂದು, ಹೈಡ್ರೋನಲ್ಲಿ ಪೆಡಲ್ ಬಿಟ್ಟರೆ ಗಾಡಿ ತಾನೇ ನಿಧಾನವಾಗುತ್ತದೆ ನಿಜ, ಆದರೆ ಇಳಿಜಾರಿನ ನಡುವೆ ರೇಂಜ್ ಲಿವರ್ ಮುಟ್ಟಲೇಬಾರದು. ನ್ಯೂಟ್ರಲ್ಲಿಗೆ ಬಂದ ಕ್ಷಣ ಆ ಹಿಡಿತವೇ ಇರುವುದಿಲ್ಲ, ಗಾಡಿ ಓಡತೊಡಗುತ್ತದೆ. ಗೇರ್ ಟ್ರ್ಯಾಕ್ಟರಿನಲ್ಲಿ ಕ್ಲಚ್ ಒತ್ತಿದರೂ ಅದೇ ಕಥೆ.

ಪಕ್ಕದ ಜಮೀನಿನವರ ಹತ್ತಿರ ಹಳೇ ಫೋರ್ಡ್ 8ಎನ್ ಇದೆ, 1947ರಿಂದ 1952ರವರೆಗೆ ಬಂದ ಮಾಡೆಲ್. ಅದರ ಪಿಟಿಒ, ಅಂದರೆ ಹಿಂದಿನ ಉಪಕರಣಕ್ಕೆ ಇಂಜಿನ್ ಶಕ್ತಿ ಕೊಡುವ ದಂಡ, ಗೇರ್ ಪೆಟ್ಟಿಗೆಯ (ಟ್ರಾನ್ಸ್‌ಮಿಷನ್) ಮೂಲಕವೇ ತಿರುಗೋದು. ಕ್ಲಚ್ ಒತ್ತಿದರೂ ಹಿಂದಿನ ರೋಟರಿ ಕಟರಿನ ಭಾರವಾದ ಬ್ಲೇಡ್ ತಿರುಗುತ್ತಲೇ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಬ್ಲೇಡಿನ ತಳ್ಳು ಗಾಡಿಗೆ ವಾಪಸ್ ತಾಗದಂತೆ ತಡೆಯುವ ಓವರ್‌ರನ್ನಿಂಗ್ ಕಪ್ಲರ್ ಹಾಕಲೇಬೇಕು. ಅಗ್ಗಕ್ಕೆ ಸಿಗುತ್ತದೆ ಅಂತ ಹಳೇ ಗೇರ್ ಗಾಡಿ ನೋಡುವವರು ಇದನ್ನು ಮೊದಲು ವಿಚಾರಿಸಿ.

ಹೈಡ್ರೋ ಬಗ್ಗೆ ದೂರುಗಳಿಲ್ಲವೇ? ಇವೆ. ಬೆಲೆ ಜಾಸ್ತಿ. ಸ್ವಲ್ಪ ಶಕ್ತಿ ಎಣ್ಣೆಯಲ್ಲೇ ಶಾಖವಾಗಿ ಹೋಗುತ್ತದೆ. ಕುಬೋಟಾದ ಪೆಡಲ್ ಒಂದೇ ಹಲಗೆ, ಬೆರಳಲ್ಲಿ ಒತ್ತಿದರೆ ಮುಂದೆ, ಹಿಮ್ಮಡಿಯಲ್ಲಿ ಒತ್ತಿದರೆ ಹಿಂದೆ. ಇಳಿಜಾರಿನ ಗುಂಡಿಯಲ್ಲಿ ಮೈ ಮುಂದೆ ವಾಲಿದರೆ ಪಾದವೂ ತಾನೇ ಒತ್ತಿಬಿಡುತ್ತದೆ, ಬೇಡದಾಗಲೇ ವೇಗ! ಜಾನ್ ಡಿಯರ್‌ನ ಎರಡು ಬೇರೆ ಪೆಡಲ್ ಈ ವಿಷಯದಲ್ಲಿ ವಾಸಿ ಅನ್ನಿಸಿತು. ಅರ್ಧ ದಿನ ಕೂತರೆ ಬಲ ಮಂಡಿ ಹಿಡಿದುಕೊಳ್ಳುತ್ತದೆ. ಏರಿನಲ್ಲಿ ನಿಲ್ಲಿಸಿ ಇಳಿಯುವಾಗ ಪಾರ್ಕಿಂಗ್ ಬ್ರೇಕ್ ಹಾಕದಿದ್ದರೆ ಮೆಲ್ಲಗೆ ಜರುಗುವುದೂ ಉಂಟು.

ಬರೀ ಉಳುಮೆ, ಉದ್ದನೆಯ ಸಾಲು ಅಂದರೆ ಗೇರೇ ಸಾಕು, ಸುಮ್ನೆ ಹಣ ಸುರಿಯಬೇಡಿ. ಹುಲ್ಲಿಗೆ, ಅದೂ ಗುಡ್ಡದಲ್ಲಿ, ನಾನು ಮತ್ತೆ ಹೈಡ್ರೋನೇ ಕೊಳ್ಳುತ್ತೇನೆ. ಕೊಳ್ಳುವ ಮೊದಲು ಡೀಲರ್ ಅಂಗಳದ ಸಮತಟ್ಟು ಜಾಗದಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಇಳಿಜಾರು ಕೇಳಿ. ಗಾಡಿ ಮಗುಚಿದರೆ ಕಾಪಾಡುವ ತಲೆ ಮೇಲಿನ ಕಮಾನು ಎತ್ತಿ, ಬೆಲ್ಟ್ ಹಾಕಿ, ಲೋ ರೇಂಜಿನಲ್ಲಿ ನೇರ ಕೆಳಗಿಳಿಸಿ, ಅರ್ಧದಲ್ಲಿ ಪೆಡಲ್ ಬಿಟ್ಟು ನೋಡಿ.