ಮೈನಸ್ 1 ಗಂಟೆ 32 ನಿಮಿಷ: ನನ್ನ ಡೈವ್ ಲಾಗ್ ಆ್ಯಪ್‌ನ ಹೊಸ ಆವೃತ್ತಿ

ಮೊದಲ ಡೈವ್ ಮುಗಿಸಿ ಮೇಲೆ ಬರುವುದಕ್ಕೆ ಒಂದೂವರೆ ಗಂಟೆ ಮೊದಲೇ ನಾನು ಎರಡನೆಯ ಡೈವ್‌ಗೆ ಇಳಿದುಬಿಟ್ಟಿದ್ದೆ. ಇದು ನನ್ನ ಮಾತಲ್ಲ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವ ಒಂದೊಂದು ಡೈವ್‌ನ ಲೆಕ್ಕ ಇಡುವ, ನನ್ನ ಮೊಬೈಲಿನಲ್ಲಿರುವ ಲಾಗ್ ಆ್ಯಪ್‌ನ ಮಾತು. ಎರಡು ಡೈವ್‌ಗಳ ನಡುವೆ ನೀರಿನ ಮೇಲೆ ಕಳೆದ ಸಮಯವನ್ನು ತೋರಿಸುವ ಜಾಗದಲ್ಲಿ ಅದು ಮೈನಸ್ 1 ಗಂಟೆ 32 ನಿಮಿಷ ಎಂದು ಬರೆದು, ಪಕ್ಕದಲ್ಲಿ ಎಲ್ಲವೂ ಸರಿಯಿದೆ ಎಂಬ ಹಸಿರು ಗುರುತನ್ನೂ ಹಾಕಿತ್ತು. ನಾನು ಇಪ್ಪತ್ತಾರು ವರ್ಷ ಲೆಕ್ಕ ತಪಾಸಣೆಯಲ್ಲಿ ಕಳೆದವಳು. ಕಿರ್ದಿ ಪುಸ್ತಕದಲ್ಲಿ ನಗದು ಶಿಲ್ಕು ಮೈನಸ್ ಆಗಿದ್ದರೆ ಪೆನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳುವ ಅಭ್ಯಾಸ ನನಗಿದೆ. ಪೆಟ್ಟಿಗೆಯಲ್ಲಿ ಇಲ್ಲದ ಹಣವನ್ನು ಯಾರೂ ಎಣಿಸಿ ಕೊಡಲಾರರು. ದೋಣಿಯ ಮೇಲೆ ಮೈನಸ್ ಹೊತ್ತು ಕಳೆದವರನ್ನೂ ನಾನು ಕಂಡಿಲ್ಲ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ನೀರಿನಡಿಯ ಆಳ, ಹೊತ್ತು ಬರೆದಿಡುವ ಮಣಿಕಟ್ಟಿನ ಡೈವ್ ಕಂಪ್ಯೂಟರ್‌ಗೆ ಸಮಯ ವಲಯ ಎಂದರೇನೆಂದು ಗೊತ್ತಿಲ್ಲ. ನಾವು ಇಟ್ಟ ಗಂಟೆಯನ್ನೇ ಅದು ನಂಬಿಕೊಂಡು ಕೂರುತ್ತದೆ. ಪ್ರಯಾಣ ಮಾಡಿ ಹೋದ ಊರಿನ ಗಡಿಯಾರ ಎರಡೂವರೆ ಗಂಟೆ ಹಿಂದಿತ್ತು. ಮೊಬೈಲು ತಾನಾಗಿಯೇ ತಿದ್ದಿಕೊಂಡಿತು, ಕಂಪ್ಯೂಟರನ್ನು ತಿದ್ದಲು ನಾನು ಮರೆತೆ. ಹೀಗಾಗಿ ಬೆಳಿಗ್ಗೆ 8:10ಕ್ಕೆ ಇಳಿದ 47 ನಿಮಿಷಗಳ ಡೈವ್ 10:40ರಿಂದ 11:27ರವರೆಗೆ ಎಂದು ದಾಖಲಾಯಿತು. ದೋಣಿಗೆ ಮರಳಿದ ಮೇಲೆ ನೆನಪಾಗಿ ಗಡಿಯಾರ ಸರಿಪಡಿಸಿದೆ. ಎರಡನೆಯ ಡೈವ್ 9:55ಕ್ಕೆ ಶುರುವಾಯಿತು. ನಿಜವಾದ ವಿರಾಮ 58 ನಿಮಿಷ.

ತಪ್ಪು ನನ್ನದೇ. ಆದರೆ ಹಳೆಯ ಆವೃತ್ತಿಯಲ್ಲಿ ಇದನ್ನು ತಿದ್ದುವುದು ಶಿಕ್ಷೆಯೇ ಆಗಿತ್ತು: ಒಂದೊಂದೇ ಡೈವ್ ತೆರೆದು ಸಮಯ ಬದಲಿಸಬೇಕು, ಬದಲಿಸಿದ ಕೂಡಲೇ ಡೈವ್‌ಗಳ ಕ್ರಮಸಂಖ್ಯೆ ಹಿಂದುಮುಂದಾಗಬೇಕು, ಆಮೇಲೆ ಅದನ್ನೂ ಕೈಯಿಂದಲೇ ಸರಿಮಾಡಬೇಕು. ನಾಲ್ಕು ತಿಂಗಳ ಹಿಂದೆ ಬಂದ ದೊಡ್ಡ ಅಪ್‌ಡೇಟ್‌ನಲ್ಲಿ, ಬೇಕಾದ ಡೈವ್‌ಗಳನ್ನು ಗುರುತು ಮಾಡಿ ಎಲ್ಲವನ್ನೂ ಒಟ್ಟಿಗೆ ಇಷ್ಟು ಗಂಟೆ ಹಿಂದಕ್ಕೋ ಮುಂದಕ್ಕೋ ಸರಿಸುವ ಸೌಲಭ್ಯ ಕೊಟ್ಟಿದ್ದಾರೆ. ಕ್ರಮಸಂಖ್ಯೆಯನ್ನೂ ಅದೇ ಜೋಡಿಸುತ್ತದೆ. ಈ ಒಂದಕ್ಕಾಗಿಯೇ ನಾನು ಅಪ್‌ಡೇಟ್ ಹಾಕಿಕೊಂಡೆ.

ಮತ್ತು ಇದರಲ್ಲೇ ಮೊದಲು ಎಡವಿದೆ. ಕ್ಯಾಮೆರಾದ ಗಡಿಯಾರ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಆ ಡೈವ್‌ನ ಇಪ್ಪತ್ತೊಂದನೆಯ ನಿಮಿಷದಲ್ಲಿ, ಅಂದರೆ 8:31ಕ್ಕೆ, ಹವಳದ ಗೋಡೆಯ ಸಂದಿನಲ್ಲಿ ಮುಖ ಹುದುಗಿಸಿ ನಿದ್ದೆ ಹೋಗಿದ್ದ ಆಮೆಯ ಚಿತ್ರ ತೆಗೆದಿದ್ದೆ. ಹಿಂದೆ ಸಮಯ ಹೊಂದದ ಕಾರಣ ಅದನ್ನು ನಾನೇ ಕೈಯಿಂದ ಡೈವ್‌ಗೆ ಅಂಟಿಸಿದ್ದೆ. ಈಗ ಆ್ಯಪ್ ಡೈವ್ ಜೊತೆಗೆ ಚಿತ್ರವನ್ನೂ ಎರಡೂವರೆ ಗಂಟೆ ಹಿಂದಕ್ಕೆ ತಳ್ಳಿತು. ಆಮೆ 6:01ಕ್ಕೆ ಹೋಗಿ, ಆಳದ ಗ್ರಾಫಿನ ಎಡ ಅಂಚಿನ ಆಚೆ, ನೀರೇ ಇಲ್ಲದ ಕಡೆ ತೂಗಾಡುತ್ತಿತ್ತು. ಚಿತ್ರವನ್ನು ಕಿತ್ತು ಮತ್ತೆ ಸೇರಿಸಿದರೆ ಸರಿಹೋಗುತ್ತದೆ. ‘ಚಿತ್ರಗಳನ್ನೂ ಸರಿಸಲೇ?’ ಎಂದು ಒಂದು ಪ್ರಶ್ನೆ ಕೇಳಿದ್ದರೆ ಕೀಳುವ ಕೆಲಸವೇ ಇರುತ್ತಿರಲಿಲ್ಲ.

ಸಮಯದ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. ಮುಖಪುಟದಲ್ಲಿ ಈಗ ವಿಮಾನ ಹತ್ತಲು ಇನ್ನೆಷ್ಟು ಗಂಟೆ ಕಾಯಬೇಕು ಎಂದು ತೋರಿಸುವ ಹೊಸ ಗಡಿಯಾರವಿದೆ. ಆಳದಲ್ಲಿ ದೇಹಕ್ಕೆ ಸೇರಿದ ಸಾರಜನಕ ಹೊರಹೋಗುವ ಮೊದಲೇ ಹಾರುವುದು ಅಪಾಯ. ಹಾಗಾಗಿ ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕೆಂಬುದು ಡೈವಿಂಗ್ ಕಲಿತವರೆಲ್ಲ ಕೇಳಿರುವ ಸಲಹೆ. ಆ್ಯಪ್ ಅದನ್ನು ದಾಖಲಾದ ಕೊನೆಯ ಹೊತ್ತಿನಿಂದ ಎಣಿಸುತ್ತದೆ. ನನ್ನ ಪ್ರಕರಣದಲ್ಲಿ ಗಡಿಯಾರ ಮುಂದಿದ್ದುದರಿಂದ ಕಾಯುವ ಸಮಯ ಹೆಚ್ಚಾಗಿ ಬಂತು, ನಷ್ಟವಿಲ್ಲ. ಕಂಪ್ಯೂಟರ್ ಗಡಿಯಾರ ಹಿಂದಿದ್ದು ಕೊನೆಯ ಡೈವ್ ಎರಡೂವರೆ ಗಂಟೆ ಮೊದಲೇ ಮುಗಿದಂತೆ ದಾಖಲಾಗಿದ್ದರೆ? ಇಂಥ ಲೆಕ್ಕವನ್ನು ಮೈನಸ್ ವಿರಾಮಕ್ಕೆ ಹಸಿರು ಗುರುತು ಹಾಕುವ ಆ್ಯಪ್‌ನ ಕೈಗೆ ನಾನು ಕೊಡುವುದಿಲ್ಲ. ಆ ಗಡಿಯಾರವನ್ನು ಮುಚ್ಚಿಟ್ಟಿದ್ದೇನೆ.

ಇನ್ನು ನನಗೆ ನಿಜವಾಗಿ ಸಂತೋಷ ಕೊಟ್ಟ ಬದಲಾವಣೆಗೆ ಬರುತ್ತೇನೆ. ಉಸಿರಿನ ಲೆಕ್ಕ. ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಬಳಸಿದೆವು ಎಂಬುದನ್ನು ನೀರಿನ ಮೇಲಿನ ಒತ್ತಡಕ್ಕೆ ಇಳಿಸಿ ಹೇಳುವ ಅಂಕಿ ಅದು. ಹಳೆಯ ಆವೃತ್ತಿ ಎಲ್ಲ ಸಿಲಿಂಡರುಗಳನ್ನೂ 12 ಲೀಟರಿನವು ಎಂದೇ ತಿಳಿದಿತ್ತು. ಬದಲಿಸುವ ಜಾಗ ಇತ್ತಂತೆ. ಮೂರು ಪರದೆಗಳ ಒಳಗೆ, ಅದೂ ಒಂದೊಂದು ಡೈವ್‌ಗೂ ಪ್ರತ್ಯೇಕವಾಗಿ. ನಾನು ಬಳಸುವುದು ಎಲ್ಲೆಡೆ ಸಿಗುವ ಅಲ್ಯೂಮಿನಿಯಂ 80. ಅದರ ಒಳಗಾತ್ರ 11.1 ಲೀಟರ್. ನನ್ನ ಜೊತೆಗಾರ, ಅಂದರೆ ನನ್ನ ತಮ್ಮ, ಬಳಸುವುದು 12 ಲೀಟರಿನ ಉಕ್ಕಿನ ಸಿಲಿಂಡರ್. ಹಾಗಾಗಿ ಅವನ ಅಂಕಿ ಸರಿಯಾಗಿಯೂ ನನ್ನದು ನೂರಕ್ಕೆ ಎಂಟರಷ್ಟು ಹೆಚ್ಚಾಗಿಯೂ ಬರುತ್ತಿತ್ತು.

ಒಂದು ಡೈವ್ ತೆಗೆದುಕೊಳ್ಳೋಣ. ಸಿಲಿಂಡರಿನ ಒತ್ತಡ 200 ಬಾರ್‌ನಿಂದ ಶುರು, 60ಕ್ಕೆ ಮುಗಿತಾಯ, 46 ನಿಮಿಷ, ಸರಾಸರಿ ಆಳ 14 ಮೀಟರ್. ಹತ್ತು ಮೀಟರಿಗೆ ಒಂದು ಬಾರ್‌ನಂತೆ ನೀರಿನದು 1.4 ಬಾರ್, ಮೇಲಿನ ಗಾಳಿಯದು ಇನ್ನೊಂದು, ಒಟ್ಟು ಅಲ್ಲಿನ ಒತ್ತಡ 2.4 ಬಾರ್. ಖರ್ಚಾದ 140 ಬಾರ್ ಅನ್ನು 12ರಿಂದ ಗುಣಿಸಿ, 2.4ರಿಂದಲೂ 46ರಿಂದಲೂ ಭಾಗಿಸಿದರೆ ನಿಮಿಷಕ್ಕೆ 15.2 ಲೀಟರ್. 11.1ರಿಂದ ಗುಣಿಸಿದರೆ 14.1. ಅದೇ ಡೈವ್‌ನಲ್ಲಿ ತಮ್ಮನದು 14.6. ‘ಅಕ್ಕ, ನೀನು ಮೀನುಗಳಿಗೂ ಗಾಳಿ ಹಂಚುತ್ತೀಯಾ’ ಎಂದು ಅವನು ಮೂರು ವರ್ಷ ಚುಡಾಯಿಸಿದ್ದಕ್ಕೆ ಆಧಾರ ಒಂದು ತಪ್ಪು ಗುಣಕ! ಹೊಸ ಆವೃತ್ತಿಯಲ್ಲಿ ಸಿಲಿಂಡರುಗಳ ಹೆಸರಿನ ಪಟ್ಟಿಯಿದೆ, ಒಮ್ಮೆ ಆರಿಸಿದರೆ ಹಿಂದಿನ ಡೈವ್‌ಗಳಿಗೂ ಅನ್ವಯಿಸಲೇ ಎಂದು ಕೇಳುತ್ತದೆ. ಹೌದು ಎಂದು ಒತ್ತಿ, ಟ್ಯಾಬ್ಲೆಟ್ಟನ್ನು ತಮ್ಮನ ಮುಂದೆ ಇಟ್ಟೆ. ಅವನು ಪರದೆಯನ್ನು ಕೆಳಕ್ಕೂ ಮೇಲಕ್ಕೂ ಎಳೆದು ನೋಡಿ, ಬ್ಯಾಟರಿ ಕಡಿಮೆಯಿದೆ ಎಂದಷ್ಟೇ ಹೇಳಿದ.

ಸಿಲಿಂಡರಿನ ಪಕ್ಕದಲ್ಲೇ ಸೊಂಟಕ್ಕೆ ಕಟ್ಟಿಕೊಂಡ ಸೀಸದ ತೂಕ ಬರೆಯುವ ಜಾಗ ಬಂದಿರುವುದೂ ಜಾಣತನ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ತೇಲಲು ನೋಡುತ್ತದೆ, ಉಕ್ಕಿನದು ಹಾಗಲ್ಲ. ಎರಡಕ್ಕೂ ಒಂದೇ ತೂಕ ಕಟ್ಟಿದರೆ ಕೊನೆಯಲ್ಲಿ, ಮೇಲೆ ಬರುವ ಮುನ್ನ ಸುರಕ್ಷತೆಗೆಂದು 5 ಮೀಟರಿನ ಆಳದಲ್ಲಿ ಮೂರು ನಿಮಿಷ ನಿಲ್ಲುವಾಗ ಪಾಡು ಗೊತ್ತಾಗುತ್ತದೆ. ಈಗ ‘5 ಮಿಲಿಮೀಟರ್ ಸೂಟು, ಅಲ್ಯೂಮಿನಿಯಂ, ಉಪ್ಪುನೀರು’ ಎಂದು ಹುಡುಕಿದರೆ ನಾನು ಹಿಂದೆ ಕಟ್ಟಿಕೊಂಡ ತೂಕಗಳು, ಅವುಗಳ ಕೆಳಗೆ ನಾನೇ ಬರೆದ ಟಿಪ್ಪಣಿಗಳು ಸಾಲಾಗಿ ಬರುತ್ತವೆ. ‘6 ಕಿಲೊ. ಸರಿಯಿತ್ತು.’ ‘5 ಕಿಲೊ. ಕೊನೆಗೆ ಬಂಡೆ ಹಿಡಿದುಕೊಂಡೆ, ನಾಚಿಕೆ.’

ಗ್ರಾಫಿನ ವಿಷಯದಲ್ಲಿ ಆ್ಯಪ್ ನನ್ನ ಮರ್ಯಾದೆ ತೆಗೆದಿದೆ, ಅದಕ್ಕಾಗಿ ಅಂಕ ಕೊಡುತ್ತೇನೆ. ನನ್ನ ಕಂಪ್ಯೂಟರ್ ಹತ್ತು ಸೆಕೆಂಡಿಗೊಮ್ಮೆ ಆಳವನ್ನು ಬರೆದಿಡುತ್ತದೆ, 47 ನಿಮಿಷಕ್ಕೆ 282 ಬಿಂದುಗಳು. ಹಳೆಯ ಆವೃತ್ತಿ ಅವನ್ನೆಲ್ಲ ಸವರಿ, ಇಸ್ತ್ರಿ ಹಾಕಿದಂಥ ನಯವಾದ ಗೆರೆ ಎಳೆಯುತ್ತಿತ್ತು. ನೋಡಲು ಚೆಂದ. ಹೊಸದು ಬಿಂದುಗಳನ್ನು ಇದ್ದ ಹಾಗೆಯೇ ಜೋಡಿಸುತ್ತದೆ. ಹೀಗಾಗಿ ಒಂದು ಡೈವ್‌ನ ಮೂವತ್ತೊಂದನೆಯ ನಿಮಿಷದಲ್ಲಿ ಮೊನಚಾದ ಹಲ್ಲೊಂದು ಕಾಣಿಸಿತು: ಅರ್ಧ ನಿಮಿಷದಲ್ಲಿ 14.2ರಿಂದ 8.6 ಮೀಟರಿಗೆ ಏರಿದ್ದೇನೆ. ನಿಮಿಷಕ್ಕೆ 11 ಮೀಟರಿಗೂ ಮೀರಿದ ವೇಗ, ಇಟ್ಟುಕೊಂಡ ಮಿತಿ 9. ಅಂದು ಮರಳಿನಲ್ಲಿ ಹುದುಗಿದ್ದ ತೊರಕೆ ಮೀನು ಏಕಾಏಕಿ ಎದ್ದಾಗ ಬೆಚ್ಚಿ, ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬಿಬಿಟ್ಟಿದ್ದೆ. ಎರಡು ವರ್ಷ ಆ ಡೈವ್‌ನ್ನು ನನ್ನ ಅತ್ಯಂತ ಶಾಂತವಾದ ಡೈವ್ ಎಂದು ಎಲ್ಲರಿಗೂ ತೋರಿಸಿಕೊಂಡು ಬಂದಿದ್ದೆ.

ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿ, ಬಳಸುವವರಿಗೆ ಒಂದು ಚಿಕ್ಕ, ಆದರೆ ತೂಕದ ತಿದ್ದುಪಡಿ ಇದೆ. 32 ಶೇಕಡಾ ಆಮ್ಲಜನಕದ ಮಿಶ್ರಣಕ್ಕೆ ಆಮ್ಲಜನಕದ ಒತ್ತಡ 1.4 ಬಾರ್ ಮೀರಬಾರದೆಂಬ ಮಿತಿಯಲ್ಲಿ ಇಳಿಯಬಹುದಾದ ಆಳ 33.75 ಮೀಟರ್. ಹಳೆಯ ಆವೃತ್ತಿ ಅದನ್ನು 34 ಎಂದು ತೋರಿಸುತ್ತಿತ್ತು. ಶಾಲೆಯ ಗಣಿತದಲ್ಲಿ ಅದು ಸರಿ. ಆದರೆ ಮಿತಿ ಎಂಬುದನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಬಾರದು. ಸಾಲದ ಮಿತಿಯಾದರೂ ಅಷ್ಟೇ, ಸಮುದ್ರವಾದರೂ ಅಷ್ಟೇ. ಈಗ 33 ಎಂದು ಬರುತ್ತದೆ. ಅಪ್‌ಡೇಟ್ ವಿವರದಲ್ಲಿ ಇದರ ಬಗ್ಗೆ ಒಂದಕ್ಷರವೂ ಇಲ್ಲ. ಹೊಸ ಬಣ್ಣಗಳ ಬಗ್ಗೆ ಎರಡು ಪ್ಯಾರಾ ಇದೆ. ಸಿಹಿನೀರು, ಉಪ್ಪುನೀರು ಎಂದು ಬದಲಿಸುವ ಗುಂಡಿಯೂ ಬಂದಿದೆ. ಕಂಪ್ಯೂಟರ್ ಅಳೆಯುವುದು ಒತ್ತಡವನ್ನು, ಆಳವನ್ನಲ್ಲ. ಉಪ್ಪುನೀರಿನ ಲೆಕ್ಕದಲ್ಲಿ 20 ಮೀಟರ್ ಎಂದದ್ದು ಕೆರೆಯಲ್ಲಿ ಇನ್ನೂ ಅರ್ಧ ಮೀಟರ್ ಕೆಳಗಿರುತ್ತದೆ. ನನಗೆ ಹೆಚ್ಚು ಉಪಯೋಗವಿಲ್ಲ.

ಪದಕಗಳು ಬಂದಿವೆ. ನೂರು ಡೈವ್‌ಗೆ ಒಂದು, ಮುನ್ನೂರಕ್ಕೆ ಒಂದು. ಇರಲಿ. ಆದರೆ ಈವರೆಗಿನ ಅತಿ ಹೆಚ್ಚಿನ ಆಳ ಮುಟ್ಟಿದರೂ ಚಿನ್ನದ ಪದಕ ಉದುರುತ್ತದೆ. ನಿನ್ನೆ ಮೊನ್ನೆ ಕಲಿತ ಹುಡುಗನಿಗೆ ಇನ್ನೆರಡು ಮೀಟರ್ ಇಳಿ ಎಂದು ಹೇಳುವ ಆ್ಯಪ್ ನನಗೆ ಬೇಡ. ಇದನ್ನು ನಿಲ್ಲಿಸುವ ಗುಂಡಿ ಸೆಟ್ಟಿಂಗ್ಸ್‌ನ ತೀರ ಕೆಳಗಿದೆ.

ಟ್ಯಾಬ್ಲೆಟ್‌ನಲ್ಲಿ ಎಡಕ್ಕೆ ಪಟ್ಟಿ, ಬಲಕ್ಕೆ ವಿವರ, ಅಡ್ಡ ಹಿಡಿದರೆ ಗ್ರಾಫ್ ತುಂಬು ಪರದೆಗೆ ಬರುತ್ತದೆ. ಓದುವ ಕನ್ನಡಕ ಚೀಲದ ತಳದಲ್ಲಿರುವಾಗ ಇದೇ ಸಾಕು. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ‘ಉಳಿಸು’ ಗುಂಡಿ ಪರದೆಯಿಂದ ಹೊರಗೆ ಹೋಗುತ್ತದೆ, ನಾಲ್ಕು ತಿಂಗಳಾದರೂ ಹಾಗೆಯೇ ಇದೆ. ಬ್ಲೂಟೂತ್ ಇರುವ ಕಂಪ್ಯೂಟರಿನಿಂದ ಮಾಹಿತಿ ಬೇಗ ಇಳಿಯುತ್ತದೆ. ಕೇಬಲ್ಲಿನ ನನ್ನ ಹಳೆಯ ಕಂಪ್ಯೂಟರ್ ಆಂಡ್ರಾಯ್ಡ್ ಮೊಬೈಲಿಗೆ ಅಡಾಪ್ಟರ್ ಹಾಕಿದರೆ ಮಾತನಾಡುತ್ತದೆ, ಐಪ್ಯಾಡ್‌ನೊಂದಿಗೆ ಮಾತಿಲ್ಲ ಕಥೆಯಿಲ್ಲ. ಎರಡು ಸಾಧನಗಳ ನಡುವೆ ಲಾಗ್ ಹೊಂದಿಸುವ ಸೇವೆಗೆ ಈಗ ವಾರ್ಷಿಕ ಚಂದಾ ಕೇಳುತ್ತಾರೆ. ಅವರಿಗೂ ಸರ್ವರ್ ಖರ್ಚಿದೆ, ಕೊಡುತ್ತೇನೆ. ಆದರೆ ಚಂದಾ ಕೇಳುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ನಾಳೆ ನಾನು ಬಿಟ್ಟು ಹೋಗುವುದಾದರೆ ನನ್ನ ಲೆಕ್ಕವನ್ನು ಪೂರ್ತಿಯಾಗಿ ಕೈಗೆ ಕೊಡುತ್ತೀರಾ?

ಅದನ್ನು ಪರೀಕ್ಷಿಸಿದೆ. ಡೈವ್ ಲಾಗ್‌ಗಳಿಗೆಂದೇ ಯುಡಿಡಿಎಫ್ ಎಂಬ ಸಾಮಾನ್ಯ ಕಡತ ಮಾದರಿ ಇದೆ, ಒಳಗೆ ಓದಬಲ್ಲ ಎಕ್ಸ್‌ಎಂಎಲ್ ಪಠ್ಯ. ಆ್ಯಪ್‌ನಿಂದ ಅದನ್ನು ಹೊರತೆಗೆದು ಸಬ್‌ಸರ್ಫೇಸ್‌ನಲ್ಲಿ ತೆರೆದೆ. ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್ 2011ರಲ್ಲಿ ಶುರುಮಾಡಿದ ಮುಕ್ತ ತಂತ್ರಾಂಶ ಅದು. ಅವರೂ ಡೈವ್ ಮಾಡುವವರೇ. ಆ್ಯಪ್‌ನಲ್ಲಿ 318 ಡೈವ್, ಒಟ್ಟು 14,627 ನಿಮಿಷ. ಸಬ್‌ಸರ್ಫೇಸ್‌ಗೆ ಬಂದದ್ದು 311 ಡೈವ್, 14,359 ನಿಮಿಷ. 268 ನಿಮಿಷ ಎಲ್ಲಿ ಹೋಯಿತು? ಕಡತವನ್ನೇ ತೆರೆದು ನೋಡಿದೆ, ಏಳು ಡೈವ್‌ಗಳು ಅದರಲ್ಲಿ ಇರಲೇ ಇಲ್ಲ. ಎಲ್ಲವೂ ಕಾಗದದ ಕಾಲದವು. ನೀರು ತಾಗಿ ಶಾಯಿ ಹರಡಿ, ಇಳಿದ ಗಂಟೆ ಓದಲಾಗದೆ ನಾನು ಆ ಜಾಗ ಖಾಲಿ ಬಿಟ್ಟಿದ್ದವು. ಗಂಟೆ ಇಲ್ಲದ ಡೈವ್‌ನ್ನು ಆ್ಯಪ್ ಸದ್ದಿಲ್ಲದೆ ಬಿಟ್ಟುಬಿಟ್ಟಿದೆ, ಆಮೇಲೆ ‘ರಫ್ತು ಯಶಸ್ವಿ’ ಎಂದಿದೆ. ಏಳಕ್ಕೂ ಬೆಳಿಗ್ಗೆ ಒಂಬತ್ತು ಎಂದು ಊಹೆಯ ಗಂಟೆ ಹಾಕಿ, ‘ಊಹೆ’ ಎಂದು ಟಿಪ್ಪಣಿ ಬರೆದು ಮತ್ತೆ ತೆಗೆದೆ. ತಾಳೆಯಾಯಿತು. ನೀವೂ ರಫ್ತು ಮಾಡಿದರೆ ಸಂಖ್ಯೆ ಎಣಿಸಿ, ನಿಮಿಷ ಕೂಡಿ ನೋಡಿ.

ಸಹಿಯ ಕಥೆ ಉಳಿದಿದೆ. ಡೈವ್‌ಗೆ ಸಾಕ್ಷಿಯಾಗಿ ಜೊತೆಗಾರರು ಪರದೆಯ ಮೇಲೆ ಬೆರಳಿನಿಂದ ಸಹಿ ಹಾಕುವುದು ಮೊದಲೂ ಇತ್ತು. ಹೊಸ ಆವೃತ್ತಿಯಲ್ಲಿ, ಸಹಿಯಾದ ಡೈವ್‌ನ್ನು ತಿದ್ದಿದರೆ ಸಹಿ ಅಳಿಸಿಹೋಗುತ್ತದೆ. ಓದಿದಾಗ ಭೇಷ್ ಎಂದುಕೊಂಡೆ. ಸಹಿ ಬಿದ್ದ ಮೇಲೆ ಅಂಕಿ ಬದಲಾದರೆ ಸಹಿಗೆ ಬೆಲೆಯಿಲ್ಲ ಎಂದು ಸೇವೆಯುದ್ದಕ್ಕೂ ಹೇಳಿದವಳು ನಾನೇ. ಆ ಉತ್ಸಾಹದಲ್ಲಿ, ಎರಡು ವರ್ಷ ಹಿಂದಿನ ಪ್ರವಾಸವೊಂದರ ಒಂಬತ್ತು ಡೈವ್‌ಗಳಿಗೂ ಇದೇ ಗಡಿಯಾರದ ಕಾಯಿಲೆ ಇತ್ತೆಂದು ನೆನಪಾಗಿ, ಒಟ್ಟಿಗೆ ಗುರುತು ಮಾಡಿ ಸರಿಸಿದೆ. ಒಂಬತ್ತೂ ಸಹಿಗಳು ಒಂದೇ ಏಟಿಗೆ ಮಾಯ. ಎಚ್ಚರಿಕೆಯ ಸಾಲು ಬಂದಿತ್ತು, ಆದರೆ ಎಲ್ಲ ಮುಗಿದ ಮೇಲೆ. ಅವುಗಳಲ್ಲಿ ಒಂದು ನನಗೆ ನೈಟ್ರಾಕ್ಸ್ ಕಲಿಸಿದ ಶಿಕ್ಷಕಿಯದು. ಅದಕ್ಕೆ ಕಾಗದದ ಪುಸ್ತಕದಲ್ಲಿ ಅವರ ಮೊಹರು ಇದೆ, ಸದ್ಯ.

ಉಳಿದ ಎಂಟೂ ತಮ್ಮನವು. ಭಾನುವಾರ ಅವನನ್ನು ಕೂರಿಸಿ ಟ್ಯಾಬ್ಲೆಟ್ ಕೈಗೆ ಕೊಟ್ಟೆ. ಐದು ಸಹಿಗಳನ್ನು ಮಾತಿಲ್ಲದೆ ಹಾಕಿದ. ಆರನೆಯದಕ್ಕೆ ಬೆರಳು ನಿಂತಿತು.

‘ಅಕ್ಕ, ಇದರಲ್ಲಿ ನಾನು ಇರಲಿಲ್ಲ. ಅವತ್ತು ಕಿವಿ ನೋವೆಂದು ದೋಣಿಯಲ್ಲೇ ಮಲಗಿದ್ದೆ.’

‘ಹಾಗಾದರೆ ಮೊದಲು ಸಹಿ ಹಾಕಿದ್ದೇಕೆ?’

‘ನೀನು ಹಾಕು ಎಂದೆ, ಹಾಕಿದೆ.’

ಆ ಡೈವ್‌ನ ಸಹಿಯ ಜಾಗ ಈಗ ಖಾಲಿ ಇದೆ.