ಪರಿಹಾರ ಕೇಂದ್ರದಲ್ಲಿ ಹೆಬ್ಬೆರಳು ಕೇಳುವವರ ಬಗ್ಗೆ ಎಚ್ಚರ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜರಿದು, ಉಟ್ಟ ಬಟ್ಟೆಯಲ್ಲೇ ಹೊರಬಂದ ಕುಟುಂಬಗಳು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆಯುತ್ತಿದ್ದಾಗ, ನಮ್ಮ ಚಿಕ್ಕಮ್ಮನಿಗೆ ಆದ ಮೋಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಮಳೆಗಾಲ ಬಂತೆಂದರೆ ಮತ್ತೆ ಅದೇ ಆತಂಕ. ಪರಿಹಾರದ ಹೆಸರಲ್ಲಿ ಮೋಸ ಮಾಡುವವರಿಗೂ ಅದು ಗೊತ್ತು.

ಆ ದಿನಗಳಲ್ಲಿ ಅಕ್ಕಿ, ಕಂಬಳಿ, ಔಷಧ ತಂದುಕೊಟ್ಟು, ಹೆಸರನ್ನೂ ಹೇಳದೆ ಹಿಂತಿರುಗಿದವರು ಬಹಳ ಮಂದಿ ಇದ್ದರು. ಅವರ ನಡುವೆಯೇ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಂದು ತಂಡವೂ ಬಂತು. "ಅಮ್ಮ, ಸರ್ಕಾರದ ಹಣ ಬರುವುದು ತಡ. ನಮ್ಮ ಪಟ್ಟಿಯಲ್ಲಿ ಹೆಸರು ಸೇರಿಸಿದರೆ ಮನೆ ಕಟ್ಟಲು ನೆರವು ಬೇಗ ಸಿಗುತ್ತದೆ" ಎಂದು ಹೇಳಿ, ಆಧಾರ್ ಮತ್ತು ಪಾಸ್‌ಬುಕ್ಕಿನ ಫೋಟೊ ತೆಗೆದುಕೊಂಡು, ಮೊಬೈಲಿಗೆ ತಂತಿಯಿಂದ ಜೋಡಿಸಿದ್ದ ಸಣ್ಣ ಯಂತ್ರವೊಂದನ್ನು ಮುಂದಿಟ್ಟರು. ವರ್ಷಗಟ್ಟಲೆ ಕಾಫಿ ಕುಯ್ದು, ಕರಿಮೆಣಸು ಬಿಡಿಸಿ ಒಡೆದುಹೋದ ಚಿಕ್ಕಮ್ಮನ ಹೆಬ್ಬೆರಳನ್ನು ಅವರು ಬಟ್ಟೆಯಿಂದ ಒರೆಸಿ ಒತ್ತಿಸಿದರು. "ಬರುತ್ತಿಲ್ಲ, ಇನ್ನೊಮ್ಮೆ ಒತ್ತಿ" ಎಂದು ಮತ್ತೆ ಮತ್ತೆ ಒತ್ತಿಸಿದರು. ನಿಜವಾಗಿ ಅದು ಬರುತ್ತಿತ್ತು. ಅಂಚೆಯವರು ಮನೆಬಾಗಿಲಿಗೆ ಬಂದು ಹಣ ಕೊಡುವಾಗ ಬಳಸುವ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಲು ಸಾಕು. ಒಟಿಪಿ ಬೇಕಿಲ್ಲ, ಪಿನ್ ಬೇಕಿಲ್ಲ. ಚಿಕ್ಕಮ್ಮನ ಫೋನು ಮನೆಯೊಂದಿಗೆ ಮಣ್ಣಿನಡಿ ಸೇರಿದ್ದರಿಂದ ಬ್ಯಾಂಕಿನ ಸಂದೇಶ ಬರುವಂತೆಯೂ ಇರಲಿಲ್ಲ. ಮುಂದೆ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ, ಮೆಣಸು ಮಾರಿ ಇಟ್ಟಿದ್ದ ಹಣ ಕಂತು ಕಂತಾಗಿ ಹೋಗಿರುವುದು ತಿಳಿದದ್ದು. ತಂಡ ಕೊಟ್ಟಿದ್ದ ನಂಬರು ಸ್ವಿಚ್ ಆಫ್ ಆಗಿತ್ತು. ಬ್ಯಾಂಕಿನಲ್ಲಿ, ಬೆರಳಚ್ಚು ಖಾತೆದಾರರದ್ದೇ ಆಗಿರುವುದರಿಂದ ಹಣವನ್ನು ಅವರೇ ತೆಗೆದಂತೆ ಎಂಬ ಉತ್ತರ ಬಂತು. ದಾಖಲೆಯ ಪ್ರಕಾರ ಅದು ಸರಿಯಿರಬಹುದು, ನ್ಯಾಯವಂತೂ ಅಲ್ಲ.

ಇದು ನಮ್ಮಲ್ಲಿ ಮಾತ್ರ ನಡೆಯುವುದೆಂದು ತಿಳಿಯಬೇಡಿ. 2005ರಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ ಬೆನ್ನಲ್ಲೇ, ಪರಿಹಾರದ ಹೆಸರಿನ ವಂಚನೆಗಳನ್ನು ಹಿಡಿಯಲು ಅಮೆರಿಕದ ನ್ಯಾಯ ಇಲಾಖೆ ಪ್ರತ್ಯೇಕ ಕಾರ್ಯಪಡೆಯನ್ನೇ ರಚಿಸಬೇಕಾಯಿತು.

ಸರ್ಕಾರದ ಪರಿಹಾರಕ್ಕೆ ದಲ್ಲಾಳಿ ಬೇಕಿಲ್ಲ. ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ) ಮತ್ತು ಕಂದಾಯ ನಿರೀಕ್ಷಕರು ಸ್ಥಳಕ್ಕೆ ಬಂದು ಮಹಜರು ಬರೆಯುತ್ತಾರೆ, ತಹಶೀಲ್ದಾರರ ಕಚೇರಿಯ ಮೂಲಕ ಹಣ ನೇರ ಖಾತೆಗೆ ಬರುತ್ತದೆ. ಮೃತರ ಕುಟುಂಬಕ್ಕೆ ವಿಪತ್ತು ನಿಧಿಯಿಂದ ಸಿಗುವ 4 ಲಕ್ಷ ರೂಪಾಯಿ ಇರಲಿ, 2019ರ ಪ್ರವಾಹದ ಬಳಿಕ ಪೂರ್ತಿ ಕುಸಿದ ಮನೆಗಳಿಗೆ ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ಇರಲಿ, ಯಾವುದಕ್ಕೂ ಶುಲ್ಕವಿಲ್ಲ. ಜಮ್ಮಾ ಹಿಡುವಳಿಯ (ಕೊಡಗಿನಲ್ಲಿ ತಲೆಮಾರುಗಳಿಂದ ಕುಟುಂಬಕ್ಕೆ ಸೇರಿ ಬಂದ ಜಮೀನು) ಮನೆಯವರು ಇನ್ನೂ ಜಾಗರೂಕರಾಗಿರಬೇಕು. ಆರ್‌ಟಿಸಿಯಲ್ಲಿ ಕುಟುಂಬದ ಹಲವರ ಹೆಸರಿರುವುದನ್ನೇ ನೆಪ ಮಾಡಿಕೊಂಡು, "ಎಲ್ಲರ ಒಪ್ಪಿಗೆ ನಾವೇ ಮಾಡಿಸಿಕೊಡುತ್ತೇವೆ" ಎಂದು ಖಾಲಿ ಕಾಗದಕ್ಕೆ ಸಹಿ ಕೇಳುವವರಿದ್ದಾರೆ. ಕಾಫಿ ತೋಟದ ಲೈನ್‌ಮನೆಗಳಲ್ಲಿರುವ ಕಾರ್ಮಿಕರಿಗೆ ಇದನ್ನು ಓದಿ ಹೇಳಿದರೆ ಉಪಕಾರ, ಏಕೆಂದರೆ ಕೈಯಲ್ಲಿ ಹಕ್ಕುಪತ್ರವಿಲ್ಲದವರನ್ನು ಇವರು ಮೊದಲು ಹುಡುಕುತ್ತಾರೆ.

ಮಳೆ ಜೋರಾಗುವ ಮೊದಲೇ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಬೆರಳಚ್ಚನ್ನು ಯಾರೂ ಬಳಸದಂತೆ ಮುಚ್ಚಿಡಿ. ಪಡಿತರಕ್ಕೆ ಬೆರಳು ಕೊಡುವ ದಿನ ತೆರೆದು ಮತ್ತೆ ಮುಚ್ಚಬಹುದು. ಪ್ರತಿ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡಿ. ಕೇಂದ್ರಕ್ಕೆ ಬಂದವರ ಮೇಲೆ ಅನುಮಾನ ಬಂದರೆ ಅಲ್ಲಿರುವ ನೋಡಲ್ ಅಧಿಕಾರಿಗೆ ತಿಳಿಸಿ, ಇಲ್ಲವೇ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆಯೊಂದಿಗೆ ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.